ಅಹಿಂಸಾಣುವ್ರತದ ಅತಿಚಾರಗಳೂ ಸೆರೆಮನೆಯೂ: ಕ್ವೇಕರ್ ವರ್ತಕರ ಒಂದು ಇತಿಹಾಸ

ಅಹಿಂಸಾಣುವ್ರತದ ಅತಿಚಾರಗಳು ಐದು ಎಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಬಂಧ, ವಧ, ಛೇದ, ಅತಿಭಾರಾರೋಪಣ ಹಾಗೂ ಅನ್ನಪಾನನಿರೋಧ ಇವೇ ಆ ಐದು. ಇಲ್ಲಿ ವಧವೆಂದರೆ ಪ್ರಾಣ ತೆಗೆಯುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಶ್ರಾವಕರ ಮನೆಗಳಲ್ಲಿ ಈ ಅತಿಚಾರಗಳನ್ನು ವಿವರಿಸುವಾಗ ಸಾಮಾನ್ಯವಾಗಿ ಎತ್ತು, ಹಸು, ಗಾಡಿಯ ಕುದುರೆಗಳ ಉದಾಹರಣೆ ಕೊಡುವುದು ರೂಢಿ. ಕಾಲಿಗೆ ಬಿಗಿಯಾಗಿ ಹಗ್ಗ ಹಾಕಬಾರದು, ಹೊರಲಾರದಷ್ಟು ಹೇರಬಾರದು, ಹೊತ್ತಿಗೆ ಸರಿಯಾಗಿ ಹುಲ್ಲು ನೀರು ಇಡಬೇಕು ಎಂಬಷ್ಟಕ್ಕೆ ಪಾಠ ಮುಗಿಯುತ್ತದೆ.

ಈ ಪಟ್ಟಿಯನ್ನು 1894ರ ಭಾರತೀಯ ಕಾರಾಗೃಹ ಕಾಯಿದೆಯ 46ನೆಯ ಕಲಮಿನ ಪಕ್ಕದಲ್ಲಿಟ್ಟು ಓದಿದರೆ ಮನಸ್ಸು ಕಳವಳಗೊಳ್ಳುತ್ತದೆ. ಜೈಲಿನ ನಿಯಮ ಮುರಿದ ಕೈದಿಗೆ ಅಧಿಕಾರಿಯು ವಿಧಿಸಬಹುದಾದ ಶಿಕ್ಷೆಗಳು ಅಲ್ಲಿ ನಮೂದಾಗಿವೆ: ಕೈಕೋಳ ಮತ್ತು ಕಾಲುಬೇಡಿ; ಮೂವತ್ತಕ್ಕೆ ಮೀರದಂತೆ ಛಡಿಯೇಟು; ಕಠಿಣ ದುಡಿಮೆ; ಸತತ 96 ಗಂಟೆಗಳಿಗೆ ಮೀರದಂತೆ ಆಹಾರದ ಕಡಿತ; ಒಂಟಿ ಕೋಣೆ. ಐದು ಅತಿಚಾರಗಳಲ್ಲಿ ಛೇದವೊಂದನ್ನು ಬಿಟ್ಟು ಉಳಿದ ನಾಲ್ಕೂ ಕಾನೂನಿನ ಭಾಷೆಯಲ್ಲಿ ಅಲ್ಲಿವೆ. ಸೆರೆಮನೆಯೊಳಗಿನ ಅಪರಾಧ ಮತ್ತು ಹಿಂಸೆಯನ್ನು ಅಡಗಿಸುವ ಸಲುವಾಗಿಯೇ ಈ ಕಲಂ ರಚಿತವಾಯಿತೆಂಬುದು ಮತ್ತೂ ವಿಚಾರಾರ್ಹವಾದ ಸಂಗತಿ. ಸೆರೆಯಾಳುಗಳು ತಮ್ಮತಮ್ಮಲ್ಲಿ ನಡೆಸುವ ಹಿಂಸೆಯನ್ನು ಸೆರೆಮನೆಯೇ ನಡೆಸುವ ಹಿಂಸೆಯಿಂದ ತಡೆಯಬಹುದೆಂಬ ನಂಬಿಕೆ ಬಹಳ ಹಳೆಯದು. ಆ ನಂಬಿಕೆಯನ್ನು ಪ್ರಶ್ನಿಸಿ, ಬೇರೆ ದಾರಿಯೂ ಇದೆಯೆಂದು ನಡೆದು ತೋರಿಸಿದವರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ವರ್ತಕ ಸಮಾಜ ಪ್ರಮುಖವಾದುದು. ಅದೇ ಸಮಾಜದ ಅಮೆರಿಕದ ಶಾಖೆ ಅಷ್ಟೇ ಸದುದ್ದೇಶದಿಂದ ಹೊರಟು ದೊಡ್ಡದೊಂದು ತಪ್ಪಿಗೂ ಪಾಲುದಾರವಾಯಿತು. ಜೈನ ಸಮಾಜಕ್ಕೆ ಈ ಎರಡೂ ಕಥೆಗಳು ಸಮಾನವಾಗಿ ಉಪಯುಕ್ತ.

ಆ ಸಮಾಜವೇ ಕ್ವೇಕರರದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಜಾರ್ಜ್ ಫಾಕ್ಸ್ ಎಂಬಾತನಿಂದ ಆರಂಭವಾದ ಈ ಪಂಥದವರು ತಮ್ಮನ್ನು 'ಮಿತ್ರರು' ಎಂದು ಕರೆದುಕೊಂಡರು. ಅವರಿಗೆ ಪುರೋಹಿತರಿಲ್ಲ, ಪ್ರಾರ್ಥನೆಯೆಂದರೆ ಮೌನವಾಗಿ ಕೂಡುವುದು. ಆಯುಧ ಹಿಡಿಯುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ. ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದೂ ಇಲ್ಲ, ಏಕೆಂದರೆ ಪ್ರಮಾಣ ಮಾಡಿದಾಗ ಮಾತ್ರ ನಿಜ ಹೇಳುವುದೆಂದರೆ ಉಳಿದ ವೇಳೆ ಸುಳ್ಳಿಗೆ ಅವಕಾಶವಿದೆ ಎಂದಾಗುತ್ತದೆ. ಅಂಗಡಿಯಲ್ಲಿ ಚೌಕಾಶಿಯಿಲ್ಲದ ಒಂದೇ ಬೆಲೆ ಹೇಳುವ ವರ್ತಕರೆಂದು ಅವರು ಹೆಸರಾದರು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಮತೀಯ ನಿಬಂಧನೆಗಳಿಂದಾಗಿ ವಿದ್ಯೆ ಹಾಗೂ ಅಧಿಕಾರದ ಹಲವು ಬಾಗಿಲುಗಳು ಮುಚ್ಚಿದ್ದರಿಂದ ಅವರ ಪ್ರತಿಭೆ ವ್ಯಾಪಾರ ಮತ್ತು ಲೇವಾದೇವಿಯ ಕಡೆಗೆ ಹರಿಯಿತು. ಬಾರ್ಕ್ಲೇ, ಲಾಯ್ಡ್, ಗರ್ನಿ, ಕ್ಯಾಡ್ಬರಿ ಇವೆಲ್ಲ ಕ್ವೇಕರ್ ಮನೆತನಗಳ ಹೆಸರುಗಳೇ. ಮಾಂಸಾಹಾರವನ್ನು ಅವರು ತ್ಯಜಿಸಿದವರಲ್ಲ. ಅವರ ಅಹಿಂಸೆಯ ವ್ಯಾಪ್ತಿ ಮನುಷ್ಯನವರೆಗೆ ಮಾತ್ರ. ಆದರೆ ಆ ವ್ಯಾಪ್ತಿಯೊಳಗೆ ಅವರು ಕಳ್ಳನನ್ನೂ ಕೊಲೆಗಾರನನ್ನೂ ಸೇರಿಸಿಕೊಂಡರು ಎಂಬುದನ್ನು ಸರ್ವಜೀವದಯೆಯನ್ನು ಸಾರುವವರು ಮರೆಯಬಾರದು.

ಸೆರೆಮನೆಯ ಬಗ್ಗೆ ಅವರಿಗೆ ಕಾಳಜಿ ಹುಟ್ಟಲು ಪುಸ್ತಕ ಪಾಂಡಿತ್ಯ ಕಾರಣವಲ್ಲ. 1660ರ ದಶಕದಲ್ಲಿ ಸಾವಿರಾರು ಕ್ವೇಕರರು ತಮ್ಮ ನಂಬಿಕೆಗಾಗಿ ಸೆರೆ ಸೇರಿದರು. ಫಾಕ್ಸ್ ಹಲವು ಬಾರಿ ಬಂಧಿತನಾದ. ವಿಲಿಯಂ ಪೆನ್ ಲಂಡನ್ನಿನ ಕೋಟೆಯಲ್ಲಿಯೂ ನ್ಯೂಗೇಟ್ ಜೈಲಿನಲ್ಲಿಯೂ ಇದ್ದ. ಆತನೇ 1682ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾನೂನು ರಚಿಸುವಾಗ ಮರಣದಂಡನೆಯನ್ನು ಕೊಲೆಗೆ ಮಾತ್ರ ಸೀಮಿತಗೊಳಿಸಿ, ಉಳಿದ ಅಪರಾಧಗಳಿಗೆ ದುಡಿಮೆಯ ಸೆರೆಯನ್ನು ವಿಧಿಸಿದ. ಕೈದಿಗಳಿಂದ ಜೈಲಿನ ಶುಲ್ಕ ವಸೂಲು ಮಾಡಬಾರದೆಂದೂ ಬರೆದ. ಪೆನ್ ತೀರಿಕೊಂಡ 1718ರಲ್ಲೇ ಆ ಪ್ರಾಂತವು ಇಂಗ್ಲೆಂಡಿನ ಕ್ರೂರ ದಂಡಸಂಹಿತೆಗೆ ಮರಳಿತು.

ಜೈಲಿನ ಶುಲ್ಕವೆಂದರೇನೆಂದು ವಿವರಿಸಬೇಕಾಗುತ್ತದೆ, ಏಕೆಂದರೆ ಸೆರೆಮನೆಯ ಹಿಂಸೆಯ ಬೇರು ಅಲ್ಲಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೈಲು ಒಂದು ಬಗೆಯ ಅಂಗಡಿಯಾಗಿತ್ತು. ಎಷ್ಟೋ ಕಡೆ ಜೈಲರನಿಗೆ ಸಂಬಳವಿರಲಿಲ್ಲ. ಅವನ ಆದಾಯ ಕೈದಿಗಳಿಂದಲೇ ಬರಬೇಕು. ಒಳಗೆ ಬರಲು ಶುಲ್ಕ, ಬೇಡಿ ಸಡಿಲಿಸಲು ಶುಲ್ಕ, ಹಾಸಿಗೆಗೆ ಶುಲ್ಕ, ಕೊನೆಗೆ ಬಿಡುಗಡೆಗೂ ಶುಲ್ಕ. ಮದ್ಯದ ಮಾರಾಟವೂ ಒಳಗೇ ನಡೆಯುತ್ತಿತ್ತು. ಮೇಲಿನವರು ಹೀಗೆ ಸುಲಿಯುವಾಗ ಕೆಳಗಿನವರು ಸುಮ್ಮನಿರುತ್ತಾರೆಯೆ? ಹೊಸದಾಗಿ ಬಂದ ಕೈದಿಯನ್ನು ಹಳೆಯ ಕೈದಿಗಳು ಸುತ್ತುವರಿದು ಹಣ ಕೇಳುವರು. ಕೊಡದಿದ್ದರೆ ಮೈಮೇಲಿನ ಬಟ್ಟೆಯನ್ನೇ ಬಿಚ್ಚಿಕೊಳ್ಳುವರು. ಜೈಲರನ ಲೆಕ್ಕಪುಸ್ತಕ ಮತ್ತು ಕೈದಿಗಳ ದರೋಡೆ ಒಂದೇ ವಹಿವಾಟಿನ ಎರಡು ಪುಟಗಳಾಗಿದ್ದವು.

1773ರಲ್ಲಿ ಬೆಡ್‌ಫರ್ಡ್‌ಶೈರಿನ ಶೆರೀಫನಾದ ಜಾನ್ ಹೋವರ್ಡ್ ಇದನ್ನು ಮೊದಲು ಕಣ್ಣಾರೆ ಕಂಡ. ಈತ ಕ್ವೇಕರನಲ್ಲ, ಆದರೆ ಅವರಂತೆಯೇ ರಾಜಮತದ ಹೊರಗಿನವನು. ವಿಚಾರಣೆಯಲ್ಲಿ ನಿರಪರಾಧಿಯೆಂದು ತೀರ್ಪಾದವರನ್ನೂ ಶುಲ್ಕ ಕೊಡಲಿಲ್ಲವೆಂಬ ಕಾರಣಕ್ಕೆ ಮತ್ತೆ ಒಳಗೆ ತಳ್ಳುತ್ತಿದ್ದರು. ಜೈಲರನಿಗೆ ಸಂಬಳ ಕೊಟ್ಟು ಶುಲ್ಕ ನಿಲ್ಲಿಸಿರೆಂದು ಹೋವರ್ಡ್ ಕೇಳಿದಾಗ ನ್ಯಾಯಾಧಿಕಾರಿಗಳು ಬೇರೆ ಜಿಲ್ಲೆಯಲ್ಲಿ ಹಾಗೆ ನಡೆದ ನಿದರ್ಶನ ತೋರಿಸೆಂದರು. ನಿದರ್ಶನ ಹುಡುಕಲು ಹೊರಟವನು ಇಡೀ ದೇಶದ, ಬಳಿಕ ಯೂರೋಪಿನ ಜೈಲುಗಳನ್ನೆಲ್ಲ ಸುತ್ತಿ 1777ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ. ಪ್ರಯಾಣದಲ್ಲೇ 1790ರಲ್ಲಿ ತೀರಿಕೊಂಡ. ಕಾನೂನುಗಳೇನೋ ಬಂದವು, ಜೈಲುಗಳು ಬಹುಮಟ್ಟಿಗೆ ಇದ್ದಂತೆಯೇ ಇದ್ದವು.

ಈ ಹಿನ್ನೆಲೆಯಲ್ಲಿ ಎಲಿಜಬೆತ್ ಫ್ರೈ ಅವರ ಕಾರ್ಯವನ್ನು ನೋಡಬೇಕು. ನಾರಿಚ್ ಪಟ್ಟಣದ ಗರ್ನಿ ಎಂಬ ಬ್ಯಾಂಕಿನ ಮನೆತನದಲ್ಲಿ 1780ರಲ್ಲಿ ಹುಟ್ಟಿ, 1800ರಲ್ಲಿ ಲಂಡನ್ನಿನ ಚಹಾ ವರ್ತಕರೂ ಬ್ಯಾಂಕಿನವರೂ ಆದ ಜೋಸೆಫ್ ಫ್ರೈ ಅವರ ಮನೆ ತುಂಬಿದ ಗೃಹಿಣಿ ಆಕೆ. ಹೆತ್ತ ಮಕ್ಕಳು ಹನ್ನೊಂದು. 1813ರ ಆರಂಭದಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ ಕ್ವೇಕರ್ ಪ್ರವಾಸಿ ನ್ಯೂಗೇಟಿನ ಸ್ತ್ರೀ ವಿಭಾಗವನ್ನು ಕಂಡು ಬಂದು, ಅಲ್ಲಿನ ಶಿಶುಗಳಿಗೆ ಮೈಮುಚ್ಚಲು ಬಟ್ಟೆಯಿಲ್ಲವೆಂದು ಹೇಳಿದ್ದೇ ನಿಮಿತ್ತವಾಯಿತು. ಫ್ಲಾನೆಲ್ ಬಟ್ಟೆಯ ಗಂಟಿನೊಂದಿಗೆ ಆಕೆ ಜೈಲಿಗೆ ಹೋದರು.

ಒಳಗೆ ಸುಮಾರು 300 ಹೆಂಗಸರು, ಅವರೊಡನೆ ಮಕ್ಕಳು. ಶಿಕ್ಷೆಯಾದವರು, ವಿಚಾರಣೆ ಕಾಯುತ್ತಿದ್ದವರು, ಗಲ್ಲಿನ ತೀರ್ಪು ಪಡೆದವರು, ಸಣ್ಣ ಕಳವಿನವರು ಎಲ್ಲರೂ ಒಟ್ಟಿಗೆ. ಅಡಿಗೆ, ಸ್ನಾನ, ನಿದ್ರೆ ಎಲ್ಲವೂ ಅದೇ ನೆಲದ ಮೇಲೆ. ಹಗಲಿರುಳೂ ಇಷ್ಟೂ ಜನರ ಉಸ್ತುವಾರಿಗೆ ಇದ್ದವರು ಒಬ್ಬ ಗಂಡಸು ಮತ್ತು ಅವನ ಮಗ, ಇಬ್ಬರೇ. ಕೋಲಿನ ತುದಿಗೆ ಮರದ ಸೌಟು ಕಟ್ಟಿ ಕಂಬಿಯ ಹೊರಗೆ ಚಾಚಿ ಭಿಕ್ಷೆ ಬೇಡುವುದು, ಬಂದ ಕಾಸಿಗೆ ಮದ್ಯ ಕೊಳ್ಳುವುದು, ಆ ಕಾಸಿಗಾಗಿಯೇ ಜುಟ್ಟು ಹಿಡಿದು ಹೊಡೆದಾಡುವುದು ನಿತ್ಯದ ಪರಿಪಾಠ. ಸತ್ತ ಮಗುವಿನ ಬಟ್ಟೆಯನ್ನು ಇಬ್ಬರು ಹೆಂಗಸರು ಬಿಚ್ಚಿ ಬದುಕಿದ್ದ ಇನ್ನೊಂದು ಮಗುವಿಗೆ ತೊಡಿಸುತ್ತಿದ್ದ ದೃಶ್ಯವನ್ನು ಫ್ರೈ ಕಂಡರು. ಜೈಲಿನ ಮುಖ್ಯಾಧಿಕಾರಿಯೇ ಆ ವಿಭಾಗದೊಳಗೆ ಹೋಗಲು ಅಳುಕುತ್ತಿದ್ದ; ಒಳಹೋಗುವ ಮಹಿಳೆಯರಿಗೆ ಗಡಿಯಾರವನ್ನು ಹೊರಗಿಟ್ಟು ಹೋಗಿರೆಂದು ಸಲಹೆ ಕೊಡಲಾಗುತ್ತಿತ್ತು.

ಆ ಭೇಟಿಯ ನಂತರ ಮೂರು ನಾಲ್ಕು ವರ್ಷ ಆಕೆ ಈ ಕೆಲಸಕ್ಕೆ ಮರಳಲಾಗಲಿಲ್ಲ. ಹೆರಿಗೆ, ಮನೆಯ ಹಣಕಾಸಿನ ತಾಪತ್ರಯ, 1815ರಲ್ಲಿ ಪುಟ್ಟ ಮಗಳೊಬ್ಬಳ ಮರಣ ಅಡ್ಡಬಂದವು. ಮಹಾಪುರುಷರ, ಮಹಾಸ್ತ್ರೀಯರ ಚರಿತ್ರೆ ಬರೆಯುವವರು ಇಂತಹ ವರ್ಷಗಳನ್ನು ಹಾರಿಸಿಬಿಡುವುದುಂಟು. ಗೃಹಸ್ಥರ ಸೇವೆಯ ಸ್ವರೂಪ ತಿಳಿಯಬೇಕಾದರೆ ಆ ವರ್ಷಗಳೂ ಲೆಕ್ಕಕ್ಕೆ ಬರಬೇಕು. 1816ರ ಕೊನೆಯಲ್ಲಿ ಆಕೆ ಮತ್ತೆ ನ್ಯೂಗೇಟಿಗೆ ಬಂದಾಗ ಮೊದಲು ಆಡಿದ ಮಾತು ಮಕ್ಕಳ ಕುರಿತಾದದ್ದು: ಈ ಮಕ್ಕಳಿಗೆ ಶಾಲೆಯೊಂದನ್ನು ಮಾಡೋಣವೆ? ತಾಯಂದಿರು ಕಣ್ಣೀರಿಟ್ಟು ಒಪ್ಪಿದರು. ಶಿಕ್ಷಕಿ ಯಾರಾಗಬೇಕೆಂಬುದನ್ನು ಅವರೇ ಆರಿಸಲೆಂದು ಬಿಟ್ಟರು. ಗಡಿಯಾರ ಕದ್ದ ಆರೋಪದ ಮೇಲೆ ಬಂದಿದ್ದ ಓದುಬರಹ ಬಲ್ಲ ಯುವತಿಯೊಬ್ಬಳನ್ನು ಕೈದಿಗಳು ಆರಿಸಿದರು. ಖಾಲಿಯಿದ್ದ ಕೋಣೆಯೊಂದರಲ್ಲಿ ಶಾಲೆ ತೆರೆಯಿತು. ಬಾಗಿಲಲ್ಲಿ ದೊಡ್ಡ ಹೆಂಗಸರೂ ನಿಂತು ತಮಗೂ ಕಲಿಸಿರೆಂದು, ಕೆಲಸ ಕೊಡಿರೆಂದು ಬೇಡತೊಡಗಿದರು.

1817ರ ಏಪ್ರಿಲ್‌ನಲ್ಲಿ ಹನ್ನೊಂದು ಮಂದಿ ಕ್ವೇಕರ್ ಮಹಿಳೆಯರೂ ಪಾದ್ರಿಯೊಬ್ಬರ ಪತ್ನಿಯೂ ಸೇರಿ ಒಂದು ಸಂಘ ಕಟ್ಟಿದರು. ಒಬ್ಬಿಬ್ಬರಾದರೂ ಸದಸ್ಯೆಯರು ದಿನವೂ ಜೈಲಿಗೆ ಬರತಕ್ಕದ್ದು. ಒಳಗೇ ಇದ್ದು ನೋಡಿಕೊಳ್ಳುವ ಮೇಲ್ವಿಚಾರಕಿಯೊಬ್ಬಳನ್ನು ನೇಮಿಸತಕ್ಕದ್ದು. ಕೈದಿಗಳಿಗೆ ಹೊಲಿಗೆ, ಕಾಲುಚೀಲ ಹೆಣೆಯುವ ಕೆಲಸ ಒದಗಿಸತಕ್ಕದ್ದು. ಅಧಿಕಾರಿಗಳು ನಕ್ಕರು. ಕೊಟ್ಟ ಬಟ್ಟೆಯನ್ನೇ ಕದ್ದು ಮಾರುತ್ತಾರೆ, ಹರಿದು ಹಾಕುತ್ತಾರೆ ಎಂದರು. ಸಂಘದವರು ವ್ಯಾಪಾರದ ಮನೆಗಳ ಹೆಂಗಸರು. ಸರಕು ಮಾರಾಟವಾಗದೆ ದುಡಿಮೆ ನಿಲ್ಲದೆಂದು ಬಲ್ಲವರು. ಆಸ್ಟ್ರೇಲಿಯಾದ ವಸಾಹತಿಗೆ ಬಟ್ಟೆ ಸರಬರಾಜು ಮಾಡುತ್ತಿದ್ದ ವ್ಯಾಪಾರ ಸಂಸ್ಥೆಯ ಬಳಿ ಹೋಗಿ, ಕೈದಿಗಳು ಹೊಲಿದುದನ್ನು ಕೊಳ್ಳುವಂತೆ ಒಪ್ಪಿಸಿ ಬಂದರು. ದಾನ ಕೇಳಲಿಲ್ಲ, ಗಿರಾಕಿಯನ್ನು ಹುಡುಕಿದರು. ಹತ್ತು ತಿಂಗಳಲ್ಲಿ ಸುಮಾರು 20,000 ಉಡುಪುಗಳು ಆ ವಿಭಾಗದಿಂದ ಹೊರಬಿದ್ದವು; ಕೈದಿಗಳ ಕೈಗೆ ಕೂಲಿ ಬಂತು.

ನಿಯಮಗಳ ವಿಷಯವೇ ಇಲ್ಲಿ ಅತ್ಯಂತ ಮಹತ್ವದ್ದು. ಭಿಕ್ಷೆ ಬೇಡುವುದು, ಬೈಗುಳ, ಜೂಜು, ಇಸ್ಪೀಟು, ಜಗಳ ಇವೆಲ್ಲ ನಿಷಿದ್ಧ. ಹನ್ನೆರಡಕ್ಕೆ ಮೀರದ ಗುಂಪುಗಳು. ಪ್ರತಿ ಗುಂಪಿಗೆ ಕೈದಿಗಳೊಳಗಿಂದಲೇ ಒಬ್ಬ ಮೇಟಿ. ಈ ನಿಯಮಗಳನ್ನು ಗೋಡೆಗೆ ಅಂಟಿಸಿ ಹೋಗಿದ್ದರೆ ಅವು ಇನ್ನೊಂದು ಸರ್ಕಾರಿ ಆಜ್ಞೆಯಾಗುತ್ತಿದ್ದವು. ಫ್ರೈ ಅವರು ಎಲ್ಲರನ್ನೂ ಕೂಡಿಸಿ, ಒಂದೊಂದನ್ನೇ ಓದಿ, ಇದು ನಿಮಗೆ ಒಪ್ಪಿಗೆಯೆ ಎಂದು ಕೇಳಿದರು. ಒಪ್ಪಿದವರು ಕೈ ಎತ್ತಬೇಕು. ಪ್ರತಿಯೊಂದಕ್ಕೂ ಕೈಗಳು ಮೇಲೆದ್ದವು. ಮೇಟಿಗಳ ಆಯ್ಕೆಯೂ ಹಾಗೆಯೇ ನಡೆಯಿತು. ಗುರುಗಳ ಸನ್ನಿಧಿಯಲ್ಲಿ ಶ್ರಾವಕನು ಸ್ವಇಚ್ಛೆಯಿಂದ ವ್ರತ ಸ್ವೀಕರಿಸುವುದಕ್ಕೂ ರಾಜಾಜ್ಞೆಗೆ ತಲೆಬಾಗುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಆ ಎತ್ತಿದ ಕೈಗಳ ಅರ್ಥ ಸುಲಭವಾಗಿ ತಿಳಿಯುತ್ತದೆ.

ಇಸ್ಪೀಟಿನ ಪ್ರಸಂಗವೊಂದು ಹೇಳತಕ್ಕದ್ದಾಗಿದೆ. ನಿಷೇಧವಿದ್ದರೂ ಒಳಗೆ ಆಟ ನಡೆದಿದೆಯೆಂದು ತಿಳಿದಾಗ ಫ್ರೈ ಶೋಧ ಮಾಡಿಸಲಿಲ್ಲ. ತಮಗೆ ನೋವಾಗಿದೆಯೆಂದು ಹೇಳಿ, ಎಲೆಗಳನ್ನು ತಂದೊಪ್ಪಿಸಿದರೆ ಅದನ್ನು ತಮ್ಮ ಮೇಲಿನ ಆದರವೆಂದು ಭಾವಿಸುವುದಾಗಿ ತಿಳಿಸಿ ಹೊರಟುಹೋದರು. ಒಬ್ಬೊಬ್ಬರಾಗಿ ಬಂದು ಐದು ಕಟ್ಟು ಎಲೆಗಳನ್ನು ಒಪ್ಪಿಸಿದರು. ಆಕೆ ಅವನ್ನು ಸುಡಿಸಿ, ಎಲೆಗಳ ಬೆಲೆಗೆ ಬದಲಾಗಿ ಒಬ್ಬೊಬ್ಬರಿಗೂ ಒಂದೊಂದು ಮಸ್ಲಿನ್ ವಸ್ತ್ರ ಕೊಟ್ಟರು. ಕೈದಿಯ ಸೊತ್ತನ್ನು ಕಸಿದುಕೊಂಡಂತಾಗಬಾರದೆಂಬ ಈ ಎಚ್ಚರ ಅಚೌರ್ಯವ್ರತಿಗಳ ಗಮನಕ್ಕೆ ಅರ್ಹವಾದುದು.

ಕೆಲವೇ ವಾರಗಳಲ್ಲಿ ಲಂಡನ್ನಿನ ಮೇಯರರು, ಶೆರೀಫರು ಬಂದು ನೋಡಿದರು. ಬೈಗುಳ ಬಡಿದಾಟಗಳ ಆ ನರಕದಲ್ಲಿ ಶುಚಿಯಾದ ಉಡುಪಿನ ಹೆಂಗಸರು ಕುಳಿತು ಹೊಲಿಯುತ್ತಿದ್ದರು, ಒಬ್ಬರು ಓದುತ್ತಿದ್ದುದನ್ನು ಉಳಿದವರು ಕೇಳುತ್ತಿದ್ದರು. ನಗರಸಭೆಯು ಸಂಘದ ನಿಯಮಗಳನ್ನು ಜೈಲಿನ ವ್ಯವಸ್ಥೆಯ ಅಂಗವಾಗಿ ಅಂಗೀಕರಿಸಿ ಮೇಲ್ವಿಚಾರಕಿಯ ಸಂಬಳದಲ್ಲೂ ಪಾಲು ವಹಿಸಿತು. 1818ರ ಫೆಬ್ರವರಿಯಲ್ಲಿ ಫ್ರೈ ಅವರನ್ನು ಸಂಸತ್ತಿನ ಸಮಿತಿಯೊಂದು ಕರೆಸಿ ಸಾಕ್ಷ್ಯ ಕೇಳಿತು. ತಾವು ಒಮ್ಮೆಯೂ ಶಿಕ್ಷೆಯನ್ನು ಸೂಚಿಸಿಲ್ಲ, ದಯೆಯೊಂದನ್ನೇ ಬಳಸಿದ್ದೇವೆ, ಆದರೂ ನಿಯಮಪಾಲನೆ ಇದಕ್ಕಿಂತ ಚೆನ್ನಾಗಿ ನಡೆಯಲಾರದು ಎಂಬರ್ಥದ ಮಾತನ್ನು ಆಕೆ ಅಲ್ಲಿ ನುಡಿದರು. 1823ರ ಜೈಲು ಕಾಯಿದೆಯು ಸ್ತ್ರೀ ಕೈದಿಗಳಿಗೆ ಸ್ತ್ರೀ ಪಹರೆಯವರೇ ಇರಬೇಕೆಂದು ವಿಧಿಸಿತು.

ಶಿಕ್ಷೆಯಿಲ್ಲದ ದಂಡನೀತಿ ಎಂಬುದು ಜೈನ ಪುರಾಣಗಳಿಗೆ ಅಪರಿಚಿತವಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಕುಲಕರರ ಕಾಲದ ದಂಡನೆಯನ್ನು ವರ್ಣಿಸಿದ್ದಾರೆ. ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪಿತಸ್ಥನಿಗೆ 'ಹಾ' ಎಂಬ ವಿಷಾದದ ಉದ್ಗಾರವೇ ಸಾಕಾಗಿತ್ತು. ಮುಂದಿನ ಐವರ ಕಾಲಕ್ಕೆ 'ಮಾ', ಅಂದರೆ ಬೇಡ, ಎಂಬ ನಿಷೇಧವೂ, ಅನಂತರ 'ಧಿಕ್' ಎಂಬ ಛೀಮಾರಿಯೂ ಸೇರಿದವು. ವಧಬಂಧನಾದಿ ಶರೀರದಂಡನೆ ಬಂದದ್ದು ಭರತ ಚಕ್ರವರ್ತಿಯ ಕಾಲದಲ್ಲಿ, ಪ್ರಬಲ ದೋಷವುಳ್ಳವರಿಗಾಗಿ. ಕಾಲದ ಅವನತಿಯೊಂದಿಗೆ ದಂಡನೆ ಕ್ರೂರವಾಯಿತೆಂದು ಪುರಾಣಕಾರರ ಅಭಿಪ್ರಾಯ. ಇಸ್ಪೀಟಿನ ಎಲೆಗಳನ್ನು ಒಪ್ಪಿಸಿದ ಹೆಂಗಸರ ಮೇಲೆ ಬಿದ್ದದ್ದು 'ಹಾ' ಎಂಬ ದಂಡವಲ್ಲದೆ ಬೇರೇನು? ಪಂಚಮಕಾಲದಲ್ಲೂ, ಅದೂ ನ್ಯೂಗೇಟಿನಂತಹ ಕಡೆ, ಅದು ಫಲಿಸಿತು.

ಹಡಗಿನ ಕೆಲಸವೂ ಇದೇ ಬಗೆಯದು. ಗಡೀಪಾರಿನ ಶಿಕ್ಷೆಯಾದ ಹೆಂಗಸರನ್ನು ಬೇಡಿ ತೊಡಿಸಿ ತೆರೆದ ಬಂಡಿಗಳಲ್ಲಿ, ಜನರ ಗೇಲಿಯ ನಡುವೆ ಬಂದರಿಗೆ ಸಾಗಿಸುತ್ತಿದ್ದರು. ಆ ಅವಮಾನವನ್ನು ನೆನೆದೇ ಹಿಂದಿನ ರಾತ್ರಿ ಜೈಲಿನಲ್ಲಿ ದಂಗೆಯೆದ್ದು ಗಾಜು, ಪೀಠೋಪಕರಣ ಒಡೆದುಹಾಕುವುದು ವಾಡಿಕೆಯಾಗಿತ್ತು. 1818ರಲ್ಲಿ ಫ್ರೈ ಅವರು ಮುಚ್ಚಿದ ಬಾಡಿಗೆ ಗಾಡಿಗಳನ್ನು ಗೊತ್ತುಮಾಡಿಸಿ, ತಾವೂ ಜೊತೆಗೆ ಬರುವುದಾಗಿ ಮಾತುಕೊಟ್ಟರು. ಆ ರಾತ್ರಿ ಗಲಭೆಯಾಗಲಿಲ್ಲ. ಮೇರಿಯಾ ಎಂಬ ಹಡಗಿನಲ್ಲಿ ಹೊರಟ 128 ಹೆಂಗಸರಿಗೆ ಸೂಜಿ, ದಾರ, ಕೌದಿ ಹೊಲಿಯಲು ಬಟ್ಟೆಯ ತುಂಡುಗಳನ್ನು ಕೊಡಲಾಯಿತು. ದೀರ್ಘ ಪ್ರಯಾಣದಲ್ಲಿ ಕೈಗೆ ಕೆಲಸ, ಇಳಿದ ಮೇಲೆ ಮಾರಲು ಒಂದು ವಸ್ತು.

ಎಲ್ಲವೂ ಗೆಲುವೇ ಆಗಿರಲಿಲ್ಲ. ಅದೇ 1818ರಲ್ಲಿ ಖೋಟಾ ನೋಟು ಚಲಾಯಿಸಿದ್ದಕ್ಕಾಗಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬಾಕೆಯನ್ನು ಗಲ್ಲಿಗೇರಿಸಲಾಯಿತು. ಫ್ರೈ ಅವರ ಮೊರೆ ಫಲಿಸಲಿಲ್ಲ, ಗೃಹಮಂತ್ರಿಯ ಮುನಿಸು ಮಾತ್ರ ಉಳಿಯಿತು. ಬ್ಯಾಂಕಿನ ಹಣದ ರಕ್ಷಣೆಗೆಂದು ಇದ್ದ ಆ ಮರಣದಂಡನೆಯ ವಿರುದ್ಧ 1830ರಲ್ಲಿ ಬ್ಯಾಂಕಿನವರೇ ಸಂಸತ್ತಿಗೆ ಅರ್ಜಿ ಕೊಟ್ಟದ್ದು ವಣಿಕ ಸಮಾಜಗಳು ನೆನಪಿಡಬೇಕಾದ ಘಟನೆ. 1837ರ ವೇಳೆಗೆ ಆ ಶಿಕ್ಷೆ ಪೂರ್ತಿಯಾಗಿ ರದ್ದಾಯಿತು. 1828ರಲ್ಲಿ ಫ್ರೈ ಅವರ ಪತಿಯ ಬ್ಯಾಂಕು ದಿವಾಳಿಯಾಯಿತು. ಸಾಲ ತೀರಿಸಲಾರದವನನ್ನು ಹೊರಗಿಡುವುದು ಕ್ವೇಕರರ ಕಟ್ಟಳೆ. ಜೋಸೆಫ್ ಫ್ರೈ ಅವರನ್ನು ಸಮಾಜದಿಂದ ಹೊರಹಾಕಿದರು. ಠೇವಣಿದಾರರ ಹಣ ಜೈಲಿನ ಪರೋಪಕಾರಕ್ಕೆ ಹರಿಯಿತೆಂದು ಆಡಿಕೊಂಡವರೂ ಇದ್ದರು. ತವರಿನವರ ನೆರವಿನಿಂದ ಆಕೆ ಕೆಲಸ ಮುಂದುವರಿಸಿದರು. 1836ರಲ್ಲಿ ಸರ್ಕಾರಿ ತನಿಖಾಧಿಕಾರಿಗಳು ನ್ಯೂಗೇಟಿನ ಪುರುಷ ವಿಭಾಗವನ್ನು ಕಂಡಾಗ ಜೂಜು, ಮದ್ಯ, ಬಡಿದಾಟ ಹಿಂದಿನಂತೆಯೇ ಇದ್ದವು. ಸಂಘದವರ ಕೈ ಅಲ್ಲಿಗೆ ತಲುಪಿರಲಿಲ್ಲ.

ಇನ್ನು ಅಮೆರಿಕದ ಕಥೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೆರೆಮನೆಗಳ ಯಾತನೆ ತಗ್ಗಿಸುವ ಸಂಘವೊಂದು ಹುಟ್ಟಿತು. ಅಧ್ಯಕ್ಷರು ಬೇರೆ ಪಂಥದ ಬಿಷಪ್ ಆದರೂ ಸದಸ್ಯರಲ್ಲಿ ಕ್ವೇಕರರು ಬಹುಸಂಖ್ಯೆಯಲ್ಲಿದ್ದರು. ಕೈದಿಗಳು ಪರಸ್ಪರ ಕೆಡಿಸುತ್ತಾರೆ, ಹೊಡೆದಾಡುತ್ತಾರೆ. ಆದ್ದರಿಂದ ಒಬ್ಬರಿಂದೊಬ್ಬರನ್ನು ಬೇರ್ಪಡಿಸಿದರೆ ಹಿಂಸೆಯೂ ನಿಲ್ಲುತ್ತದೆ, ಏಕಾಂತದಲ್ಲಿ ಆತ್ಮಾವಲೋಕನವೂ ಆಗುತ್ತದೆ ಎಂಬುದು ಅವರ ತರ್ಕ. 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆ ಈ ತರ್ಕವೇ ಕಲ್ಲಿನ ಕಟ್ಟಡವಾಗಿ ನಿಂತಂತಿತ್ತು. ಒಬ್ಬನಿಗೆ ಒಂದು ಕೋಣೆ, ಅದಕ್ಕೆ ಹೊಂದಿ ಒಬ್ಬನೇ ತಿರುಗಾಡುವ ಪುಟ್ಟ ಅಂಗಳ. ಊಟ ಕಿಂಡಿಯಿಂದ. ಹೊರಗೆ ಕರೆದೊಯ್ಯುವಾಗ ಮುಖಕ್ಕೆ ಮುಸುಕು, ಯಾರೂ ಯಾರನ್ನೂ ಕಾಣಬಾರದು. ಅಲ್ಲಿ ಕೈದಿಗಳ ನಡುವೆ ಜಗಳವಿಲ್ಲ, ಸುಲಿಗೆಯಿಲ್ಲ. ಇರಲು ಅವಕಾಶವೇ ಇಲ್ಲ. 1842ರಲ್ಲಿ ಅದನ್ನು ನೋಡಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಕಟ್ಟಿದವರ ಸದುದ್ದೇಶವನ್ನು ಒಪ್ಪಿಕೊಂಡೇ, ಮನಸ್ಸಿನ ಮೇಲೆ ದಿನದಿನವೂ ನಡೆಯುವ ಈ ಹಿಂಸೆ ದೇಹಹಿಂಸೆಗಿಂತ ಕ್ರೂರವೆಂದು ಬರೆದ. ಏಕಾಂತ ಸೆರೆಯಿಂದ ಎಷ್ಟೋ ಮಂದಿ ಬುದ್ಧಿಭ್ರಮಣೆಗೆ ಒಳಗಾದರೆಂದು 1890ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ ದಾಖಲಿಸಿತು. ಆ ಜೈಲಿನಲ್ಲಿ ಈ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟದ್ದು 1913ರಲ್ಲಿ. ಇಂಗ್ಲೆಂಡಿನ ಸರ್ಕಾರ ಇದನ್ನೇ ಅನುಕರಿಸಹೊರಟಾಗ ಫ್ರೈ ವಿರೋಧಿಸಿದರು. ಆಕೆ ಕಂಡಿದ್ದ ಸುಧಾರಣೆಯೆಲ್ಲ ಒಟ್ಟಿಗೆ ಕುಳಿತ ಹೆಂಗಸರಲ್ಲಿ ಆದದ್ದು.

ತಮ್ಮ ಸಭೆಗಳಲ್ಲಿ ಮೌನದಿಂದ ಶಾಂತಿ ಪಡೆದ ಜನ ಅದೇ ಮೌನವನ್ನು ಇತರರ ಮೇಲೆ ಹೇರಿದಾಗ ಅದು ಹೇಗೆ ಯಾತನೆಯಾಯಿತು? ಇದಕ್ಕೆ ಪೂಜ್ಯಪಾದರಲ್ಲಿ ಉತ್ತರವಿದೆ. ಅಕಾಮನಿರ್ಜರೆಯನ್ನು ವಿವರಿಸುವಾಗ ಅವರು ತೆಗೆದುಕೊಂಡ ಉದಾಹರಣೆಯೇ ಸೆರೆಯಾಳು. ಬಂಧನದಲ್ಲಿರುವವನು ಹಸಿವು ಬಾಯಾರಿಕೆ ತಡೆದುಕೊಳ್ಳುತ್ತಾನೆ, ಬ್ರಹ್ಮಚರ್ಯದಲ್ಲಿರುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಮೈಯ ಕೊಳೆಯನ್ನು ಸಹಿಸುತ್ತಾನೆ. ಹೊರನೋಟಕ್ಕೆ ಇದು ತಪಸ್ವಿಯ ಚರ್ಯೆಯೇ. ಆದರೆ ಇಚ್ಛೆಯಿಲ್ಲದ್ದರಿಂದ ಅದು ತಪಸ್ಸಲ್ಲ, ಮೋಕ್ಷಮಾರ್ಗವಲ್ಲ. ಮುನಿಯ ಏಕಾಂತವನ್ನು ಬೀಗ ಹಾಕಿ ಕೊಡಲಾಗದು. ಫಿಲಡೆಲ್ಫಿಯಾದ ಸಜ್ಜನರಿಗೆ ಇದನ್ನು ಹೇಳುವವರು ಇರಲಿಲ್ಲ.

ಭಾರತದ ಜೈಲುಗಳ ಹಾದಿ ನ್ಯೂಗೇಟಿನ ಸ್ತ್ರೀ ವಿಭಾಗದ್ದಾಗಲಿಲ್ಲ. ಮೆಕಾಲೆ ಸದಸ್ಯನಾಗಿದ್ದ ಸಮಿತಿಯು 1838ರಲ್ಲಿ, ಅಂದರೆ ಫ್ರೈ ಅವರ ಸಾಕ್ಷ್ಯಕ್ಕೆ ಇಪ್ಪತ್ತು ವರ್ಷಗಳಾದ ಮೇಲೆ, ಶಿಕ್ಷಣ, ನೀತಿಬೋಧೆ, ಒಳ್ಳೆಯ ನಡತೆಗೆ ಪ್ರತಿಫಲ ಇವನ್ನೆಲ್ಲ ತಳ್ಳಿಹಾಕಿ, ಬೇಸರ ಹುಟ್ಟಿಸುವ ಏಕತಾನದ ದುಡಿಮೆಯನ್ನೇ ಶಿಫಾರಸು ಮಾಡಿತು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಎತ್ತಿನ ಬದಲು ಮನುಷ್ಯರನ್ನು ಗಾಣಕ್ಕೆ ಹೂಡಿದರು. ಅತಿಭಾರಾರೋಪಣಕ್ಕೆ ಕೊಡುವ ಎತ್ತಿನ ಉದಾಹರಣೆ ಅಲ್ಲಿ ಅಕ್ಷರಶಃ ಮನುಷ್ಯನಿಗೆ ಅನ್ವಯಿಸಿತು. ಕೈದಿಗಳನ್ನೇ ಇತರ ಕೈದಿಗಳ ಮೇಲೆ ಪಹರೆಯವರನ್ನಾಗಿ ನೇಮಿಸುವ ಪದ್ಧತಿಯಿಂದ ಒಳಗಿನ ಸುಲಿಗೆಗೆ ಸರ್ಕಾರಿ ಮುದ್ರೆಯೇ ಬಿದ್ದಂತಾಯಿತು. ಸ್ವಾತಂತ್ರ್ಯದ ನಂತರವೂ 1894ರ ಕಾಯಿದೆ ದಶಕಗಳ ಕಾಲ ಉಳಿಯಿತು. 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂಟಿ ಸೆರೆ ಮತ್ತು ಕಾಲುಬೇಡಿಗಳ ಬಳಕೆಗೆ ಕಡಿವಾಣ ಹಾಕಿತು. ಮರುವರ್ಷ ಅದೇ ಕೈದಿ ತಿಹಾರ್ ಜೈಲಿನಿಂದ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿತು. ನೋಡಲು ಬಂದ ಬಂಧುಗಳಿಂದ ಹಣ ಕೀಳಲು ಇನ್ನೊಬ್ಬ ಕೈದಿಯನ್ನು ಪಹರೆಯವನು ಹಿಂಸಿಸಿದನೆಂಬುದು ಆ ಪತ್ರದ ಸಾರ. ಜೈಲರನ ಅಂಗಡಿ ಎರಡು ಶತಮಾನಗಳಾದರೂ ಮುಚ್ಚಿರಲಿಲ್ಲ.

1993ರಿಂದ 1995ರವರೆಗೆ ಕಿರಣ್ ಬೇಡಿ ಅವರ ಆಡಳಿತದಲ್ಲಿ ಅದೇ ತಿಹಾರಿನಲ್ಲಿ ಓದುಬಲ್ಲ ಕೈದಿಗಳು ಬಾರದವರಿಗೆ ಕಲಿಸಿದರು. ದೂರಿನ ಪೆಟ್ಟಿಗೆ ಕೋಣೆಕೋಣೆಗೂ ಬಂತು. 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಹತ್ತು ದಿನಗಳ ವಿಪಶ್ಯನ ಶಿಬಿರದಲ್ಲಿ ಕುಳಿತರು. ಆ ಧ್ಯಾನದ ಆಚಾರ್ಯ ಸತ್ಯನಾರಾಯಣ ಗೋಯೆಂಕಾ ಅವರೂ ಬರ್ಮಾದಲ್ಲಿ ವ್ಯಾಪಾರದಲ್ಲಿದ್ದವರೇ. ಜೈಲಿನಲ್ಲಿ ಅವರ ಮೊದಲ ಶಿಬಿರ 1975ರಲ್ಲಿ ಜಯಪುರದಲ್ಲಿ ನಡೆಯಿತು. ಅಪಾಯಕಾರಿಗಳೆಂದು ಹೆಸರಾದ ಕೆಲವರನ್ನು ಕಾಲುಬೇಡಿಯೊಂದಿಗೆ ತಂದು ಕೂರಿಸಿದಾಗ, ಸರಪಳಿ ಕಳಚದ ಹೊರತು ತಾವು ಕಲಿಸುವುದಿಲ್ಲವೆಂದು ಗೋಯೆಂಕಾ ಹಟಹಿಡಿದರು. ಅಧಿಕಾರಿಗಳು ಭಯಪಟ್ಟರು, ಕೊನೆಗೆ ಕಳಚಿದರು. ಐದು ಅತಿಚಾರಗಳಲ್ಲಿ ಮೊದಲನೆಯದನ್ನು ತೆಗೆದ ಮೇಲೆಯೇ ಅಲ್ಲಿ ಪಾಠ ಆರಂಭವಾಯಿತು.

ಮಹಾವೀರ ಜಯಂತಿಯಂದು ಕೆಲವು ಬಸದಿಗಳ ವತಿಯಿಂದ ಕಾರಾಗೃಹಗಳಿಗೆ ಹಣ್ಣು, ಸಿಹಿ ಕಳುಹಿಸುವ ಪದ್ಧತಿ ಉಂಟು. ಅದು ಅನ್ನಪಾನನಿರೋಧದ ವಿರುದ್ಧ ಒಂದು ದಿನದ ಪರಿಹಾರ, ಅದರಲ್ಲಿ ದೋಷವಿಲ್ಲ. ಆದರೆ ಜೈಲುಗಳ ಲೆಕ್ಕ ಬೇರೆಯದನ್ನು ಕೇಳುತ್ತದೆ. 2022ರ ಅಂತ್ಯಕ್ಕೆ ಭಾರತದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಸ್ಥಳವಿದ್ದ ಪ್ರತಿ ನೂರು ಜನರ ಜಾಗದಲ್ಲಿ 131 ಜನ. ಒಟ್ಟು ಸಂಖ್ಯೆಯಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ತೀರ್ಪಾಗದ ವಿಚಾರಣಾಧೀನರು. ಇವರಲ್ಲಿ ಜಾಮೀನು ಮಂಜೂರಾಗಿಯೂ ಹಣ ಕಟ್ಟಲಾರದೆ ಒಳಗೇ ಉಳಿದವರುಂಟು. 2023ರಲ್ಲಿ ಕೇಂದ್ರ ಸರ್ಕಾರ ಇಂತಹ ಬಡ ಕೈದಿಗಳಿಗಾಗಿ ಯೋಜನೆಯೊಂದನ್ನು ಹೊರಡಿಸಿ, ವಿಚಾರಣಾಧೀನನ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವನ ದಂಡಕ್ಕೆ 25,000 ರೂಪಾಯಿವರೆಗೆ ನೆರವು ಗೊತ್ತುಮಾಡಿತು. ಬೆಡ್‌ಫರ್ಡ್‌ನಲ್ಲಿ 1773ರಲ್ಲಿ ಹೋವರ್ಡ್ ಜೈಲರನ ಪುಸ್ತಕ ತೆರೆದಾಗ ಕಂಡದ್ದೂ ಇಂತಹ ಬಾಕಿಗಳನ್ನೇ. ಆ ಊರಿನ ಜೈಲಿನ ಬಿಡುಗಡೆ ಶುಲ್ಕ ಕೆಲವು ಷಿಲ್ಲಿಂಗುಗಳಷ್ಟಿತ್ತು.